‘ಅಟ್ ಫಿಲ್ಮೋರ್ ಈಸ್ಟ್’: 22 ನಿಮಿಷದ ಹಾಡು ಬೇಕಾ, ಬೇಡ್ವಾ?

ಹಳೇ ರೆಕಾರ್ಡು:
ಎಲ್ಲರಿಗೂ ನಮಸ್ಕಾರ. ಒಂದು ಜಗಳ ಬಗೆಹರಿಸಿಕೊಡಿ. ಆಲ್ಮನ್ ಬ್ರದರ್ಸ್ ಬ್ಯಾಂಡ್‌ನ ‘ಅಟ್ ಫಿಲ್ಮೋರ್ ಈಸ್ಟ್’ ನನ್ನ ಪ್ರಕಾರ ಸದರ್ನ್ ರಾಕ್‌ನಲ್ಲಿ, ಅಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ರಾಕ್‌ನಲ್ಲಿ, ಬಂದ ಅತ್ಯುತ್ತಮ ಆಲ್ಬಮ್. 1971ರ ಜುಲೈನಲ್ಲಿ ಬಂದದ್ದು, ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್ ಥಿಯೇಟರಿನಲ್ಲಿ ಜನರ ಮುಂದೆ ನುಡಿಸಿದ್ದರ ರೆಕಾರ್ಡಿಂಗ್, ಎರಡು ರೆಕಾರ್ಡಿನ ಸೆಟ್ಟು, ಏಳೇ ಹಾಡು. ಮೊನ್ನೆ ಒಬ್ಬ ಗೆಳೆಯನನ್ನು ಕೂರಿಸಿ ಪೂರ್ತಿ ಕೇಳಿಸಿದೆ. ಅವನೂ ರಾಕ್ ಕೇಳುವವನೇ. ಮೊದಲ ಮೂರು ಹಾಡಿಗೆ ತಲೆ ಕುಣಿಸಿದ. ‘ಯೂ ಡೋಂಟ್ ಲವ್ ಮಿ’ ಶುರುವಾಗಿ ಹತ್ತು ನಿಮಿಷ ಆಗುವಷ್ಟರಲ್ಲಿ ಫೋನ್ ತೆಗೆದ. ‘ವಿಪ್ಪಿಂಗ್ ಪೋಸ್ಟ್’ಗೆ ಬಂದಾಗ, "22 ನಿಮಿಷ ಯಾರಿಗಪ್ಪಾ ಬೇಕು, ಇದು ಬರೀ ತೋರಿಕೆ, ಸ್ಟುಡಿಯೋದಲ್ಲಿ ಐದು ನಿಮಿಷಕ್ಕೆ ಮುಗಿಸಿದ್ದಾರಲ್ಲ" ಅಂದ.

ಅವನು ಹೇಳಿದ್ದು ನನಗೆ ಒಪ್ಪಿಗೆ ಇಲ್ಲ. ಆದರೆ ಯಾಕೆ ಇಲ್ಲ ಅಂತ ಅವನಿಗೆ ಸರಿಯಾಗಿ ಹೇಳಲು ಆಗಲಿಲ್ಲ. ನೀವೇನಂತೀರಿ? ಉದ್ದ ಜಾಸ್ತಿ ಆಯ್ತಾ? ಹೊಸಬರಿಗೆ ಎಲ್ಲಿಂದ ಶುರು ಮಾಡಿಸುತ್ತೀರಿ?

ಸ್ಲೈಡ್ ಹುಚ್ಚ:
ಮೊದಲನೇ ಹಾಡು ‘ಸ್ಟೇಟ್ಸ್‌ಬರೋ ಬ್ಲೂಸ್’. ಅಷ್ಟೇ ಸಾಕು. ನಾಲ್ಕು ನಿಮಿಷದಲ್ಲಿ ಗಿಟಾರಿಸ್ಟ್ ಡ್ವೇನ್ ಆಲ್ಮನ್ ಎಲ್ಲ ಹೇಳಿಬಿಟ್ಟಿದ್ದಾರೆ. ತಂತಿ ಮೇಲೆ ಗಾಜು ಜಾರಿಸಿ ನುಡಿಸುವ ಆ ಮೊದಲ ಸ್ಲೈಡ್ ಕೂಗಿಗೆ ಮೈ ಜುಮ್ ಅನ್ನದಿದ್ದರೆ ಆ ಗೆಳೆಯನನ್ನು ಬಿಟ್ಟುಬಿಡಿ.

ರಾತ್ರಿಪಾಳಿ:
ನಿಮ್ಮ ಗೆಳೆಯ ಹೇಳಿದ್ದರಲ್ಲಿ ಹುರುಳಿದೆ. ಬ್ಯಾಂಡ್ ನನಗೂ ಇಷ್ಟ. ಆದರೆ ಎರಡನೇ ಬದಿ ಪೂರ್ತಿ ಒಂದೇ ಹಾಡು, ‘ಯೂ ಡೋಂಟ್ ಲವ್ ಮಿ’, 19 ನಿಮಿಷ. ಹಾಡೋ, ಎರಡೇ ಸಾಲಿನ ಬ್ಲೂಸ್. ವೇದಿಕೆ ಮುಂದೆ ಕೂತವರಿಗೆ ಅದು ಹಬ್ಬ. ಮನೆಯಲ್ಲಿ ಕೇಳುವವರಿಗೆ? ಅದರ ಬದಲು ಆ ಮೂರು ರಾತ್ರಿ ನುಡಿಸಿದ ಬೇರೆ ಎರಡು ಮೂರು ಹಾಡು ಹಾಕಬಹುದಿತ್ತು. ಆಲ್ಬಮ್ ಇನ್ನೂ ಬಿಗಿಯಾಗುತ್ತಿತ್ತು.

ಮಲ್ಲೇಶ್ವರದ ಬೇಸ್:
@ರಾತ್ರಿಪಾಳಿ, ಇಲ್ಲ ಸರ್, ಖಂಡಿತ ಒಪ್ಪಲ್ಲ. ಆ 19 ನಿಮಿಷದ ನಡುವೆ ಏನಾಗುತ್ತದೆ ಅಂತ ಇನ್ನೊಮ್ಮೆ ಕೇಳಿ. ಇಡೀ ಬ್ಯಾಂಡ್ ಗಕ್ಕನೆ ನಿಲ್ಲುತ್ತದೆ. ಡ್ರಮ್ ಇಲ್ಲ, ಬೇಸ್ ಇಲ್ಲ, ಆರ್ಗನ್ ಇಲ್ಲ. ಡ್ವೇನ್ ಒಬ್ಬರೇ. ಒಂದು ಸಾಲು ನುಡಿಸಿ ಬಿಡುತ್ತಾರೆ, ಜನ ಕೂಗುತ್ತಾರೆ, ಇನ್ನೊಂದು ಸಾಲು ನುಡಿಸುತ್ತಾರೆ. ಮುಂದೆ ಎಲ್ಲಿಗೆ ಹೋಗಬೇಕು ಅಂತ ಅವರು ಯೋಚಿಸುತ್ತಿರುವುದು ನಮಗೇ ಕೇಳಿಸುತ್ತದೆ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಕೊನೆಗೆ ಡ್ವೇನ್ ಕ್ರಿಸ್‌ಮಸ್ ಹಾಡು ‘ಜಾಯ್ ಟು ದ ವರ್ಲ್ಡ್’ನ ರಾಗ ಎಳೆಯುತ್ತಾರೆ. ಮಾರ್ಚ್ ತಿಂಗಳಲ್ಲಿ! ಅದನ್ನು ಯಾರೂ ಬರೆದಿಟ್ಟುಕೊಂಡು ಬಂದಿರಲಿಲ್ಲ.

ಇದನ್ನು ಐದು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ನೀವು ಹೇಳಿದ ಆ ಎರಡು ಸಾಲು ಮಾತ್ರ.

ಧಾರವಾಡಿ:
ನಮ್ಮ ಕಡೆ ಒಂದು ರಾಗವನ್ನ ಮುಕ್ಕಾಲು ಗಂಟೆ ಹಾಡಿದರೂ ಯಾರೂ ಗಡಿಯಾರ ನೋಡೋದಿಲ್ರಿ. ವಿಳಂಬಿತ್ ಖಯಾಲ್ ಕೇಳಿ ಬೆಳೆದವರಿಗೆ 22 ನಿಮಿಷ ಯಾವ ಲೆಕ್ಕ? ನನಗೆ ಈ ಬ್ಯಾಂಡ್ ಹತ್ತಿರ ಅನ್ನಿಸಿದ್ದೇ ಅದಕ್ಕ. ‘ಎಲಿಜಬೆತ್ ರೀಡ್’ ಹಾಡು ಶುರು ಆಗೋದು ನೋಡ್ರಿ, ಅವಸರವೇ ಇಲ್ಲ. ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಡಿಕಿ ಬೆಟ್ಸ್ ಗಿಟಾರಿನ ವಾಲ್ಯೂಮ್ ಗುಂಡಿಯನ್ನ ಕಿರುಬೆರಳಲ್ಲಿ ತಿರುಗಿಸಿ ಒಂದೊಂದು ಸ್ವರವನ್ನ ಸೊನ್ನೆಯಿಂದ ಮೇಲೆ ತರ್ತಾರೆ. ತಂತಿ ಮೀಟಿದ ಸದ್ದೇ ಕೇಳೋದಿಲ್ಲ. ಗಿಟಾರ್ ಹೋಗಿ ಪಿಟೀಲು ಆಗ್ತದ.

ಲಯಪ್ರಿಯ:
ಖಯಾಲ್ ಜೊತೆ ಹೋಲಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಅಲ್ಲಿ ರಾಗದ ಕಟ್ಟುಪಾಡು ಇದೆ, ಬೆಳೆಸುವ ಕ್ರಮ ಇದೆ. ಇವರು ಕಲಿತದ್ದು ಬ್ಲೂಸ್‌ನಿಂದ ಮತ್ತು ಜಾಝ್‌ನಿಂದ. ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಇವರ ರೆಕಾರ್ಡುಗಳನ್ನು ಬ್ಯಾಂಡಿಗೆ ತಂದವರು ಡ್ರಮ್ಮರ್ ಜೈಮೋ. ‘ಕೈಂಡ್ ಆಫ್ ಬ್ಲೂ’ ಥರದ ಆಲ್ಬಮ್‌ಗಳಲ್ಲಿ ಒಂದೇ ಸ್ವರಶ್ರೇಣಿಯ ಮೇಲೆ ತುಂಬ ಹೊತ್ತು ನಿಂತು ನುಡಿಸುತ್ತಾರಲ್ಲ, ಡ್ವೇನ್ ಅದನ್ನು ಗಿಟಾರಿಗೆ ತಂದರು.

ಆದರೆ ಲೆಕ್ಕದ ವಿಷಯ ಬೇರೆ. ‘ವಿಪ್ಪಿಂಗ್ ಪೋಸ್ಟ್’ನ ಆರಂಭ 11ರ ಎಣಿಕೆ. ಕೈಯಲ್ಲಿ ತಾಳ ಹಾಕಿ ನೋಡಿ: ತಕಿಟ ತಕಿಟ ತಕಿಟ ತಕ. ಮೂರು, ಮೂರು, ಮೂರು, ಎರಡು. ಆ ಕೊನೆಯ ‘ತಕ’ದಲ್ಲಿ ಒಂದು ಮಾತ್ರೆ ಕಡಿಮೆ ಇರುವುದಕ್ಕೇ ಬೇಸ್ ಪ್ರತಿ ಸುತ್ತಿಗೂ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಹಾಡು ಶುರುವಾದ ಮೇಲೆ ಲೆಕ್ಕ ಸಾದಾ ಆಗುತ್ತದೆ, ಆಗ ಎಷ್ಟು ಹಾಯ್ ಅನ್ನಿಸುತ್ತದೆ ಗಮನಿಸಿ.

ಮಲ್ಲೇಶ್ವರದ ಬೇಸ್:
ವಾಹ್! ಇದರ ಹಿಂದಿನ ಕತೆ ಗೊತ್ತಾ? ಹಾಡು ಬರೆದ ಗ್ರೆಗ್ ಆಲ್ಮನ್‌ಗೆ ಅದು 11 ಅಂತ ಗೊತ್ತೇ ಇರಲಿಲ್ಲ. ನೀವು ಹೇಳಿದ ಹಾಗೇ ಮೂರು ಸಲ ಮೂರು, ಮುಂದಿನ ಸುತ್ತಿಗೆ ಹಾರಲು ಎರಡು ಅಂತ ಅವರ ತಲೆಯಲ್ಲಿತ್ತು. ಅಣ್ಣ ಡ್ವೇನ್ ಕೇಳಿ, ನಿನಗೆ ಹನ್ನೊಂದರ ಲೆಕ್ಕ ಬರುತ್ತೆ ಅಂತ ಗೊತ್ತಿರಲಿಲ್ಲ ಅಂದರಂತೆ. ತಮ್ಮ, ಹಾಗಂದ್ರೇನು ಅಂತ ಕೇಳಿದರಂತೆ. ಹಾಡು ಹೊಳೆದದ್ದು ರಾತ್ರಿ ಹೊತ್ತು, ಕೈಗೆ ಪೆನ್ನು ಕಾಗದ ಸಿಗಲಿಲ್ಲ. ಬೆಂಕಿಕಡ್ಡಿ ಸುಟ್ಟು, ಅದರ ಮಸಿಯಲ್ಲಿ ಇಸ್ತ್ರಿ ಮೇಜಿನ ಬಟ್ಟೆ ಮೇಲೆ ಗೀಚಿದರು. ಆಗ ಅವರಿಗೆ 21 ವಯಸ್ಸು.

ಫಿಲ್ಮೋರ್ ರೆಕಾರ್ಡಿಂಗ್‌ನಲ್ಲಿ ಅದು ಶುರುವಾಗುವ ಮುಂಚೆ ಪ್ರೇಕ್ಷಕರಲ್ಲಿ ಯಾರೋ ಹಾಡಿನ ಹೆಸರು ಕೂಗುತ್ತಾರೆ. ಡ್ವೇನ್, ಸರಿಯಾಗಿ ಊಹಿಸಿದೆ ಅನ್ನುವ ಹಾಗೆ ಎರಡು ಮಾತು ಹೇಳುತ್ತಾರೆ. ಮರುಕ್ಷಣ ಬೆರಿ ಓಕ್ಲಿ ಬೇಸ್ ಗುಡುಗುತ್ತದೆ. ಬೇಸ್ ನುಡಿಸುವ ನನ್ನಂಥವರಿಗೆ ಅದಕ್ಕಿಂತ ದೊಡ್ಡ ಆರಂಭ ಇಲ್ಲ.

ಮಂಡ್ಯ ಮೆಟಲ್:
ಸದರ್ನ್ ರಾಕ್ ಅಂದ್ರೆ ಲಿನರ್ಡ್ ಸ್ಕಿನರ್ಡ್ ಗುರು. ಹಾಡಿದೆ, ಪಲ್ಲವಿ ಇದೆ, ಊರಿಗೆ ಊರೇ ಜೊತೆಗೆ ಹಾಡಬಹುದು. ಇದು ಜಾಮ್, ಅಂದ್ರೆ ಅಲ್ಲೇ ಹೊಳೆದದ್ದನ್ನ ಉದ್ದಕ್ಕೆ ನುಡಿಸೋದು, ಅದನ್ನ ಕೇಳುವವರಿಗೆ ಮಾತ್ರ.

ಹಳೇ ರೆಕಾರ್ಡು:
@ಮಂಡ್ಯ ಮೆಟಲ್, ಸ್ಕಿನರ್ಡ್ ನನಗೂ ಪ್ರಾಣ. ಆದರೆ ಅವರ ಮೊದಲ ಆಲ್ಬಮ್ 1973ರದ್ದು. ಫಿಲ್ಮೋರ್ ಇಲ್ಲದಿದ್ದರೆ ‘ಫ್ರೀ ಬರ್ಡ್’ ಕೊನೆಯ ಆ ಗಿಟಾರ್ ಓಟ ಎಲ್ಲಿಂದ ಬರಬೇಕಿತ್ತು? ವೇದಿಕೆ ಮೇಲೆ ಅವರು ಆ ಹಾಡನ್ನು ಡ್ವೇನ್ ನೆನಪಿಗೆ ಅರ್ಪಿಸುತ್ತಿದ್ದರು. ಎರಡೂ ಬ್ಯಾಂಡ್ ಹುಟ್ಟಿದ ಊರೂ ಒಂದೇ, ಫ್ಲಾರಿಡಾದ ಜ್ಯಾಕ್ಸನ್‌ವಿಲ್.

ಮಂಡ್ಯ ಮೆಟಲ್:
ಜ್ಯಾಕ್ಸನ್‌ವಿಲ್ಲಾ? ಆಲ್ಮನ್‌ನವರು ಜಾರ್ಜಿಯಾ ಅಲ್ವಾ?

ಜಾರ್ಜಿಯಾ ಕನ್ನಡತಿ:
ಬ್ಯಾಂಡ್ ಕೂಡಿದ್ದು 1969ರ ಮಾರ್ಚ್‌ನಲ್ಲಿ, ಜ್ಯಾಕ್ಸನ್‌ವಿಲ್‌ನಲ್ಲೇ. ಆಮೇಲೆ ಜಾರ್ಜಿಯಾದ ಮೇಕನ್‌ಗೆ ಬಂದರು. ಅವರ ರೆಕಾರ್ಡ್ ಕಂಪನಿ ಕ್ಯಾಪ್ರಿಕಾರ್ನ್ ಇದ್ದದ್ದು ಅಲ್ಲಿ. ನಾನಿರುವುದು ಅಟ್ಲಾಂಟಾ, ಇಲ್ಲಿಂದ ಮೇಕನ್ ಸುಮಾರು ಒಂದೂವರೆ ಗಂಟೆಯ ದಾರಿ. ಆಲ್ಬಮ್‌ನ ‘ಹಾಟ್ ಲಾಂಟಾ’ ಅನ್ನುವುದು ನಮ್ಮ ಊರಿನ ಅಡ್ಡಹೆಸರೇ. ಅದರ ಕೊನೆಯಲ್ಲಿ ಇನ್ನೊಬ್ಬ ಡ್ರಮ್ಮರ್ ಬುಚ್ ಟ್ರಕ್ಸ್ ಟಿಂಪನಿ ಅನ್ನುವ ದೊಡ್ಡ ನಗಾರಿ ಬಾರಿಸುತ್ತಾರೆ, ಅದನ್ನು ಯಾರೂ ಹೇಳಲೇ ಇಲ್ಲವಲ್ಲ!

ಬ್ಯಾಂಡ್‌ನವರು ಸಂಸಾರ ಸಮೇತ ಇದ್ದ ‘ಬಿಗ್ ಹೌಸ್’ ಈಗ ಮ್ಯೂಸಿಯಂ. ಮೇಕನ್‌ಗೆ ಬಂದ ಹೊಸದರಲ್ಲಿ ಕೈಯಲ್ಲಿ ಕಾಸಿರಲಿಲ್ಲ. ಎಚ್ ಅಂಡ್ ಎಚ್ ಅನ್ನುವ ಊಟದ ಹೋಟೆಲಿನ ಲೂಯಿಸ್ ಹಡ್ಸನ್ ಎಂಬ ಅಮ್ಮ ಸಾಲದ ಮೇಲೆ ಊಟ ಹಾಕಿದರು. ಆಕೆಯನ್ನು ಎಲ್ಲರೂ ‘ಮಾಮಾ ಲೂಯಿಸ್’ ಅಂತಲೇ ಕರೆಯುತ್ತಿದ್ದರು. ಕಪ್ಪು ಜನಾಂಗದ ಹೆಂಗಸು, ಉದ್ದ ಕೂದಲಿನ ಬಿಳಿಯ ಹುಡುಗರು, ಅವರ ಜೊತೆ ಕಪ್ಪು ಜನಾಂಗದ ಜೈಮೋ. 1969ರ ಜಾರ್ಜಿಯಾದಲ್ಲಿ ಬಿಳಿಯರು ಕಪ್ಪು ಜನ ಒಟ್ಟಿಗೆ ಓಡಾಡುವುದು, ಒಂದೇ ಮನೆಯಲ್ಲಿ ಇರುವುದು ಸಣ್ಣ ವಿಷಯ ಆಗಿರಲಿಲ್ಲ. ಸದರ್ನ್ ರಾಕ್ ಅಂದ ಕೂಡಲೇ ಗುಲಾಮಗಿರಿ ಉಳಿಸಲು ಹೊರಟಿದ್ದ ದಕ್ಷಿಣದವರ ಕಾನ್ಫೆಡರೇಟ್ ಬಾವುಟ ನೆನಪಿಸಿಕೊಳ್ಳುವವರಿಗೆ ನಾನು ಇದನ್ನು ಹೇಳಿಯೇ ಹೇಳುತ್ತೇನೆ.

ಲಯಪ್ರಿಯ:
ಜೈಮೋ ಬಗ್ಗೆ ಇನ್ನೂ ಹೇಳಬೇಕು. ಇಬ್ಬರು ಡ್ರಮ್ಮರ್ ಯಾಕೆ ಅಂತ ಜನ ಕೇಳುತ್ತಾರೆ. ಬುಚ್ ಟ್ರಕ್ಸ್ ರೈಲು ಓಡಿಸಿದ ಹಾಗೆ ನೇರ ಹೊಡೆಯುತ್ತಾರೆ, ತಾಳ ಕೆಡುವುದಿಲ್ಲ. ಜೈಮೋ ಸೋಲ್ ಗಾಯಕ ಒಟಿಸ್ ರೆಡ್ಡಿಂಗ್ ಜೊತೆ ಊರೂರು ತಿರುಗಿದವರು, ಮನಸ್ಸೆಲ್ಲ ಜಾಝ್. ಅವರು ಆ ನೇರ ಹೊಡೆತದ ಸಂದಿಗಳಲ್ಲಿ ನುಡಿಸುತ್ತಾರೆ. ಇಬ್ಬರೂ ಒಂದೇ ಹೊಡೆದಿದ್ದರೆ ಬರೀ ಗಲಾಟೆ ಆಗುತ್ತಿತ್ತು.

ರಾತ್ರಿಪಾಳಿ:
ಇವೆಲ್ಲ ಸರಿ, ಆದರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಚೆನ್ನಾಗಿ ನುಡಿಸುವುದು ಬೇರೆ, ಚೆನ್ನಾಗಿ ಆಲ್ಬಮ್ ಕಟ್ಟುವುದು ಬೇರೆ. ವೇದಿಕೆ ಮೇಲೆ ನುಡಿಸಿದ್ದನ್ನು ಹಾಗೇ ರೆಕಾರ್ಡಿಗೆ ಸುರಿದರೆ ಅದನ್ನು ಆಲ್ಬಮ್ ಅನ್ನಬೇಕಾ?

ಸ್ಲೈಡ್ ಹುಚ್ಚ:
ಹಾಗೇ ಸುರಿದದ್ದು ಅಂತ ಯಾರು ಹೇಳಿದ್ದು? ಪ್ರೊಡ್ಯೂಸರ್ ಟಾಮ್ ಡೌಡ್ ಮಾಡಿದ ಕೆಲಸ ನೋಡಿ. 1971ರ ಮಾರ್ಚ್ 11, 12, 13, ಮೂರು ರಾತ್ರಿ ನುಡಿಸಿದರು. ಮೊದಲನೇ ರಾತ್ರಿ ಜೊತೆಗೆ ಸ್ಯಾಕ್ಸೋಫೋನ್‌ನವರನ್ನು ಹತ್ತಿಸಿಕೊಂಡಿದ್ದರು. ಡೌಡ್‌ಗೆ ಅದು ಸುತರಾಂ ಹಿಡಿಸಲಿಲ್ಲ. ಆ ರಾತ್ರಿಯದ್ದು ಆಲ್ಬಮ್‌ಗೆ ಬರಲೇ ಇಲ್ಲ. ಶೋ ಮುಗಿದ ಮೇಲೆ ಬ್ಯಾಂಡ್‌ನವರನ್ನು ಸ್ಟುಡಿಯೋಗೆ ಕರೆದೊಯ್ದು ಟೇಪು ಕೇಳಿಸಿ, ಇದು ಸಾಕು, ಇದು ನಾಳೆ ಇನ್ನೊಮ್ಮೆ ಆಗಬೇಕು ಅಂತ ಅಲ್ಲೇ ತೀರ್ಮಾನ ಮಾಡುತ್ತಿದ್ದರು.

‘ಸ್ಟಾರ್ಮಿ ಮಂಡೇ’ಯಲ್ಲಿ ಥಾಮ್ ಡೂಸೆಟ್ ನುಡಿಸಿದ ಹಾರ್ಮೋನಿಕಾ ಸೋಲೋ ಇತ್ತು, ಅದನ್ನು ಪೂರ್ತಿ ಕತ್ತರಿಸಿದರು. ಕತ್ತರಿಸಿದ ಜಾಗ ಎಲ್ಲಿ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಡೌಡ್ ಅಂದರೆ ಎರಿಕ್ ಕ್ಲ್ಯಾಪ್ಟನ್ ಜೊತೆ ಡ್ವೇನ್ ನುಡಿಸಿದ ‘ಲೇಲಾ’ ಆಲ್ಬಮ್ ಹಿಂದೆ ಇದ್ದವರೂ ಹೌದು. ಹುಡುಗನಾಗಿದ್ದಾಗ ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡಿದ್ದ ಮನುಷ್ಯ. ಅಂಥವರು ಸುಮ್ನೆ ಸುರಿಯುತ್ತಾರಾ?

ಧಾರವಾಡಿ:
ಆ ಹಾರ್ಮೋನಿಕಾ 1992ರ ಸಿ.ಡಿ. ಸೆಟ್ಟಿನಲ್ಲಿ ವಾಪಸ್ ಬಂದದ ನೋಡ್ರಿ. ನನಗೆ ಅದೇ ಚಲೋ ಅನ್ನಿಸ್ತದ. ಗ್ರೆಗ್ ಆರ್ಗನ್ ನಡುವೆ ಮೂರರ ಎಣಿಕೆಯ ವಾಲ್ಟ್ಸ್ ಕುಣಿತದ ಥರ ತಿರುಗೋದಕ್ಕೂ ಮುಂಚೆ ಸ್ವಲ್ಪ ಉಸಿರು ಸಿಗ್ತದ.

ಸ್ಲೈಡ್ ಹುಚ್ಚ:
ಇಲ್ಲ ಸರ್. ಎಂಟೂವರೆ ನಿಮಿಷದ ಆ ಎಲ್‌ಪಿ ರೂಪವೇ ಸರಿ. ಗ್ರೆಗ್ ಧ್ವನಿಯ ಆ ನೋವಿಗೆ ಮಧ್ಯೆ ಇನ್ನೊಂದು ಧ್ವನಿ ಬೇಡ. 23 ವಯಸ್ಸಿನ ಹುಡುಗ, ಅರವತ್ತು ವರ್ಷ ಬದುಕಿದವರ ಥರ ಹಾಡಿದ್ದಾರೆ.

ರಾತ್ರಿಪಾಳಿ:
ಹಾಗಾದರೆ ಕತ್ತರಿ ಒಳ್ಳೆಯದೇ ಅಂತಾಯ್ತು. ‘ಸ್ಟಾರ್ಮಿ ಮಂಡೇ’ಗೆ ಆಡಿಸಿದ ಕತ್ತರಿಯನ್ನು ಎರಡನೇ ಬದಿಗೂ ಸ್ವಲ್ಪ ಆಡಿಸಿ ಅನ್ನುವುದಷ್ಟೇ ನನ್ನ ವಾದ.

ಮಲ್ಲೇಶ್ವರದ ಬೇಸ್:
ಎಲ್ಲಿ ಕತ್ತರಿಸುತ್ತೀರಿ, ಹೇಳಿ ನೋಡೋಣ. ಯಾವ ನಿಮಿಷದಿಂದ ಯಾವ ನಿಮಿಷಕ್ಕೆ?

ರಾತ್ರಿಪಾಳಿ:
ಗಿಟಾರ್ ಒಬ್ಬಂಟಿ ಭಾಗ ಮುಗಿದ ಮೇಲಿನ ಓಟ. ಅಲ್ಲಿ ಅದೇ ತಿರುವುಗಳು ಮತ್ತೆ ಮತ್ತೆ ಬರುತ್ತವೆ. ಮೂರ್ನಾಲ್ಕು ನಿಮಿಷ ಆರಾಮಾಗಿ ತೆಗೆಯಬಹುದು. ಒಬ್ಬಂಟಿ ಭಾಗ ಇರಲಿ, ಅದು ಚಿನ್ನ.

ಮಲ್ಲೇಶ್ವರದ ಬೇಸ್:
ಆ ಓಟ ಇಲ್ಲದಿದ್ದರೆ ಒಬ್ಬಂಟಿ ಭಾಗದಲ್ಲಿ ಕೂಡಿದ ಬಿಗಿ ಬಿಚ್ಚುವುದು ಎಲ್ಲಿ? ನೀವು ಕ್ಲೈಮ್ಯಾಕ್ಸ್ ತೆಗೆದು ಸಿನಿಮಾ ನೋಡಿ ಅಂತಿದ್ದೀರಿ.

ಇನ್ನೊಂದು ಮಾತು. ಡ್ವೇನ್‌ಗೆ ಚಿಕ್ಕದಾಗಿ ನುಡಿಸಲು ಬರುತ್ತಿರಲಿಲ್ಲ ಅಂತಲ್ಲ. ಈ ಬ್ಯಾಂಡಿಗೆ ಮುಂಚೆ ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಸ್ಟುಡಿಯೋ ಗಿಟಾರಿಸ್ಟ್ ಆಗಿದ್ದರು. 1968ರಲ್ಲಿ ವಿಲ್ಸನ್ ಪಿಕೆಟ್ ಹಾಡಿದ ‘ಹೇ ಜೂಡ್’ ಕೇಳಿ. ಕೊನೆಯಲ್ಲಿ ಒಂದು ನಿಮಿಷ ಸಿಕ್ಕಿದ್ದಕ್ಕೆ ಹಾಡನ್ನೇ ಎತ್ತಿಕೊಂಡು ಹೋಗಿದ್ದಾರೆ. ಒಂದು ನಿಮಿಷದಲ್ಲಿ ಅಷ್ಟು ಮಾಡಬಲ್ಲವರು 19 ನಿಮಿಷ ತೆಗೆದುಕೊಂಡಿದ್ದಾರೆ ಅಂದರೆ, ಬೇಕು ಅಂತಲೇ ತೆಗೆದುಕೊಂಡಿದ್ದಾರೆ.

ಮಂಡ್ಯ ಮೆಟಲ್:
ಹೇ ಜೂಡ್ ಈಗ ಕೇಳಿದೆ. ಒಪ್ಪಿದೆ ಗುರು. ಬೆಂಕಿ.

ವೀಣೆ ಮನೆ:
ನಾನು ಈ ಬ್ಯಾಂಡಿಗೆ ಹೊಸಬಳು, ಚರ್ಚೆ ಓದಿಕೊಂಡು ‘ಎಲಿಜಬೆತ್ ರೀಡ್’ ಕೇಳಿದೆ. ತುಂಬ ಹಿಡಿಸಿತು. ಎರಡು ಗಿಟಾರ್ ಇದೆ ಅಂತೀರಿ, ಯಾವುದು ಯಾರದ್ದು ಅಂತ ಗೊತ್ತಾಗುವುದು ಹೇಗೆ? ಮತ್ತೆ ಇದನ್ನು ಜುಗಲ್‌ಬಂದಿ ಅನ್ನಬಹುದಾ?

ಸ್ಲೈಡ್ ಹುಚ್ಚ:
ಹೆಡ್‌ಫೋನ್ ಹಾಕಿಕೊಳ್ಳಿ ಮೇಡಂ, ಒಂದೊಂದು ಕಿವಿಗೆ ಒಂದೊಂದು ಗಿಟಾರ್ ಬರುತ್ತದೆ. ಆ ಹಾಡು ಬರೆದದ್ದು ಡಿಕಿ ಬೆಟ್ಸ್. ಮೊದಲು ಬರುವ ಸೋಲೋ ಅವರದ್ದು. ಆಮೇಲೆ ಗ್ರೆಗ್ ಆರ್ಗನ್, ಅದಾದ ಮೇಲೆ ಡ್ವೇನ್. ಡಿಕಿ ನುಡಿಸಿದ್ದನ್ನು ನೀವು ಬಾಯಲ್ಲಿ ಗುನುಗಬಹುದು, ಅಷ್ಟು ರಾಗವಾಗಿರುತ್ತದೆ. ಡ್ವೇನ್ ಮೆಲ್ಲಗೆ ಶುರು ಮಾಡಿ ಮೇಲಕ್ಕೆ ಹತ್ತಿಸುತ್ತಾರೆ, ಇನ್ನು ಮೇಲೆ ಜಾಗ ಇಲ್ಲ ಅನ್ನುವಾಗ ಕೆಳಗಿಳಿದು ಮತ್ತೆ ಹತ್ತುತ್ತಾರೆ.

ಸ್ಲೈಡ್ ಕೇಳಿದರೆ ಬಹುತೇಕ ಡ್ವೇನ್ ಅಂತಲೇ ಇಟ್ಟುಕೊಳ್ಳಿ. ಬೆರಳಿಗೆ ಹಾಕುತ್ತಿದ್ದದ್ದು ಕೊರಿಸಿಡಿನ್ ಅನ್ನುವ ಶೀತದ ಮಾತ್ರೆಯ ಖಾಲಿ ಗಾಜಿನ ಬಾಟಲಿ.

ಲಯಪ್ರಿಯ:
ಜುಗಲ್‌ಬಂದಿಯಲ್ಲಿ ಸವಾಲ್ ಜವಾಬ್ ಇರುತ್ತದೆ. ಇಲ್ಲಿ ಮುಖ್ಯ ರಾಗದ ಸಾಲುಗಳನ್ನು ಇಬ್ಬರೂ ಒಟ್ಟಿಗೆ, ಒಬ್ಬರು ಕೆಳಗೆ ಒಬ್ಬರು ಮೇಲೆ, ಜೋಡಿಯಾಗಿ ನುಡಿಸುತ್ತಾರೆ. ಡಿಕಿಗೆ ಇದು ವೆಸ್ಟರ್ನ್ ಸ್ವಿಂಗ್ ಅನ್ನುವ ಹಳೇ ಹಳ್ಳಿ ಕುಣಿತದ ಸಂಗೀತದಿಂದ ಬಂದದ್ದು. ಅಲ್ಲಿ ಎರಡು ಪಿಟೀಲು ಜೋಡಿಯಾಗಿ ನುಡಿಸುವ ರೂಢಿ ಇದೆ.

ಜಾರ್ಜಿಯಾ ಕನ್ನಡತಿ:
@ವೀಣೆ ಮನೆ, ಆ ಎಲಿಜಬೆತ್ ರೀಡ್ ಯಾರು ಅಂತ ಕೇಳಲಿಲ್ಲ ನೀವು. ಮೇಕನ್‌ನ ರೋಸ್ ಹಿಲ್ ಸ್ಮಶಾನದಲ್ಲಿ ಎಲಿಜಬೆತ್ ರೀಡ್ ನೇಪಿಯರ್ ಎಂಬ ಹೆಂಗಸಿನ ಸಮಾಧಿ ಇದೆ. 1935ರಲ್ಲೇ ತೀರಿಕೊಂಡವರು. ಅಲ್ಲಿ ಕೂತು ಹಾಡು ಕಟ್ಟುವುದು ಡಿಕಿಗೆ ಅಭ್ಯಾಸ. ಹಾಡು ನಿಜವಾಗಿ ಬೇರೊಬ್ಬ ಹೆಂಗಸಿನ ಬಗ್ಗೆ. ಆಕೆಯ ಹೆಸರು ಹೇಳುವ ಹಾಗಿರಲಿಲ್ಲ, ಅದಕ್ಕೆ ಕಲ್ಲಿನ ಮೇಲಿದ್ದ ಹೆಸರು ಇಟ್ಟರು.

ನಾನು ಹೋದಾಗ ಬೇಸಿಗೆ. ಇಳಿಜಾರು ಜಾಗ, ಕೆಳಗೆ ರೈಲು ಹಳಿ, ಅದರಾಚೆ ಒಕ್ಮಲ್ಗೀ ನದಿ. ಅದೇ ಸ್ಮಶಾನದಲ್ಲಿ ಡ್ವೇನ್ ಮತ್ತು ಬೆರಿ ಓಕ್ಲಿ ಅಕ್ಕಪಕ್ಕ ಮಲಗಿದ್ದಾರೆ. ಡ್ವೇನ್ 1971ರ ಅಕ್ಟೋಬರ್ 29ರಂದು ಮೋಟಾರ್‌ಸೈಕಲ್ ಅಪಘಾತದಲ್ಲಿ ಹೋದರು. ನಾಲ್ಕು ದಿನ ಮುಂಚೆಯಷ್ಟೇ ಈ ಆಲ್ಬಮ್‌ಗೆ ಭಾರಿ ಮಾರಾಟಕ್ಕೆ ಕೊಡುವ ‘ಗೋಲ್ಡ್’ ಮನ್ನಣೆ ಸಿಕ್ಕಿತ್ತು. ಒಂದು ವರ್ಷ ಕಳೆದು, 1972ರ ನವೆಂಬರ್ 11ರಂದು ಬೆರಿ ಕೂಡ ಮೋಟಾರ್‌ಸೈಕಲ್ ಅಪಘಾತದಲ್ಲೇ ಹೋದರು. ಡ್ವೇನ್ ಬಿದ್ದ ಜಾಗದಿಂದ ಮೂರು ಬೀದಿ ಆಚೆ. ಇಬ್ಬರಿಗೂ 24 ವಯಸ್ಸು. 2017ರಲ್ಲಿ ಗ್ರೆಗ್‌ನನ್ನೂ ಅಲ್ಲೇ ಮಣ್ಣು ಮಾಡಿದರು.

ಮಲ್ಲೇಶ್ವರದ ಬೇಸ್:
2017ರಲ್ಲಿ ಬುಚ್ ಟ್ರಕ್ಸ್, ಗ್ರೆಗ್ ಇಬ್ಬರೂ ಹೋದರು. 2024ರ ಏಪ್ರಿಲ್‌ನಲ್ಲಿ ಡಿಕಿ. ಬ್ಯಾಂಡಿನ ಆ ಆರು ಜನರಲ್ಲಿ ಈಗ ಜೈಮೋ ಒಬ್ಬರೇ.

ಮಂಡ್ಯ ಮೆಟಲ್:
ಮುಖಪುಟದ ಫೋಟೋದಲ್ಲಿ ಎಲ್ಲರೂ ಬಿದ್ದು ಬಿದ್ದು ನಗ್ತಿದ್ದಾರಲ್ಲ, ಅದು ಫಿಲ್ಮೋರ್ ಥಿಯೇಟರ್ ಹಿಂದೆ ತೆಗೆದದ್ದಾ?

ಜಾರ್ಜಿಯಾ ಕನ್ನಡತಿ:
ಅಲ್ಲ, ಅದೂ ಮೇಕನ್. ಒಂದು ಇಟ್ಟಿಗೆ ಗೋಡೆಯ ಮುಂದೆ ಸಾಮಾನಿನ ಪೆಟ್ಟಿಗೆ ಜೋಡಿಸಿ, ಅವುಗಳ ಮೇಲೇ ಆಲ್ಬಮ್ ಹೆಸರು ಬರೆದದ್ದು. ಫೋಟೋ ತೆಗೆದವರು ಜಿಮ್ ಮಾರ್ಷಲ್. ಬೆಳಗ್ಗೆ ಬೆಳಗ್ಗೆ ಎಬ್ಬಿಸಿದ್ದಕ್ಕೆ ಎಲ್ಲರೂ ಮುಖ ಗಂಟಿಕ್ಕಿ ಕೂತಿದ್ದರು. ಅಷ್ಟರಲ್ಲಿ ಮಾದಕದ್ರವ್ಯ ಮಾರುವ ಪರಿಚಯದವನೊಬ್ಬ ಕಣ್ಣಿಗೆ ಬಿದ್ದ. ಡ್ವೇನ್ ಓಡಿಹೋಗಿ ಅವನಿಂದ ಪೊಟ್ಟಣ ತಂದು ಏನೂ ಆಗದವರ ಹಾಗೆ ಕೂತರು. ಎಲ್ಲರೂ ನಕ್ಕದ್ದು ಅದಕ್ಕೆ. ಡ್ವೇನ್ ಕೈ ನೋಡಿ, ಏನೋ ಮುಚ್ಚಿಕೊಂಡಿದೆ. ಹಿಂಬದಿಯ ಫೋಟೋದಲ್ಲಿ ಬ್ಯಾಂಡ್‌ನವರಿಲ್ಲ, ಸಾಮಾನು ಹೊರುವ, ಸೌಂಡ್ ನೋಡಿಕೊಳ್ಳುವ ಹುಡುಗರಿದ್ದಾರೆ, ಕೈಯಲ್ಲಿ ಬಿಯರ್ ಡಬ್ಬಿ. ಮುಂದೆ ಬ್ಯಾಂಡ್, ಹಿಂದೆ ಅವರ ಕೆಲಸದವರು, ಎರಡಕ್ಕೂ ಒಂದೇ ಅಳತೆಯ ಜಾಗ. ಅದು ನನಗೆ ಬಹಳ ಇಷ್ಟ.

ರಾತ್ರಿಪಾಳಿ:
ಆ ಫೋಟೋ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ.

ಹಳೇ ರೆಕಾರ್ಡು:
ಎಲ್ಲರಿಗೂ ಧನ್ಯವಾದ. ಗೆಳೆಯನಿಗೆ ಈ ಸಲ ಮೂರನೇ ಬದಿಯಿಂದ ಶುರು ಮಾಡಿಸುತ್ತೇನೆ. ‘ಹಾಟ್ ಲಾಂಟಾ’, ‘ಎಲಿಜಬೆತ್ ರೀಡ್’. ಹಾಡಿನ ಸಾಲೇ ಇಲ್ಲದ ಎರಡು ಹಾಡು, ಹಾಗಾಗಿ ಹಾಡು ಯಾವಾಗ ವಾಪಸ್ ಬರುತ್ತೆ ಅಂತ ಕಾಯುವ ಪ್ರಶ್ನೆಯೇ ಇಲ್ಲ. ಅವನಿಗೆ ಬೇಸರ ಬಂದದ್ದು ಆ ಕಾಯುವಿಕೆಗೆ ಅಂತ ಈಗ ಅನ್ನಿಸುತ್ತಿದೆ. ‘ವಿಪ್ಪಿಂಗ್ ಪೋಸ್ಟ್’ ಕೊನೆಗೆ, ಲಯಪ್ರಿಯ ಅವರು ಹೇಳಿದ ತಕಿಟ ಲೆಕ್ಕದ ಸಮೇತ.

ಧಾರವಾಡಿ:
ಚಲೋ ಮಾತು. ‘ವಿಪ್ಪಿಂಗ್ ಪೋಸ್ಟ್’ ಮುಗಿದ ಕೂಡಲೇ ಆಫ್ ಮಾಡಬ್ಯಾಡ್ರಿ. ಚಪ್ಪಾಳೆ ನಡುವೆ ಮುಂದಿನ ಹಾಡು ಶುರು ಆಗೇ ಬಿಟ್ಟಿರ್ತದ, ಧ್ವನಿ ಅಲ್ಲೇ ಇಳಿದು ಹೋಗ್ತದ. ಅದು ‘ಮೌಂಟನ್ ಜಾಮ್’. 1972ರ ‘ಈಟ್ ಎ ಪೀಚ್’ ಆಲ್ಬಮ್‌ನಲ್ಲಿ ಪೂರ್ತಿ ಅದ, 33 ನಿಮಿಷ.

ವೀಣೆ ಮನೆ:
ಹಾಗಾದರೆ ಎರಡನ್ನೂ ಬೆನ್ನಿಗೆ ಬೆನ್ನು ಹಾಕಿ ಕೇಳಬಹುದಲ್ಲ?

ಧಾರವಾಡಿ:
ಕೇಳಬಹುದು. ಆದರೆ ಎಲ್‌ಪಿ ಬ್ಯಾಡ, ಅದರಾಗ ಒಂದು ತುಂಡು ಎರಡನೇ ಬದಿಗೆ, ಉಳಿದದ್ದು ನಾಲ್ಕನೇ ಬದಿಗೆ ಹಾಕ್ಯಾರ. ಎದ್ದು ರೆಕಾರ್ಡ್ ಬದಲಾಯಿಸಬೇಕಾಗ್ತದ. ಸಿ.ಡಿ. ತಗೋರಿ, ಅದರಾಗ ಕೂಡಿಸ್ಯಾರ.

ರಾತ್ರಿಪಾಳಿ:
33 ನಿಮಿಷದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿಗೂ ಬರುತ್ತೇನೆ.